ಹಿಂದಿನ ಸೀಟು

ದೀಪಾವಳಿ ಮುಗಿದ ವಾರಕ್ಕೆ ತಮ್ಮ ತಿಕೋಟಾದಿಂದ ಬಂದ. ಸ್ಟೇಷನ್ ರಸ್ತೆಯಿಂದ ನಮ್ಮ ಓಣಿಗೆ ತಿರುಗುವ ಮೂಲೆಯಲ್ಲಿ ಕಾರು ನಿಲ್ಲಿಸಿ ಎರಡು ಸಲ ಹಾರ್ನ್ ಬಾರಿಸಿದ. ಹೊರಗೆ ಹೋಗಿ ನೋಡಿದರೆ ಹಿಂದಿನ ಸೀಟಿನಲ್ಲಿ ಅವ್ವ. ಚಪ್ಪಲಿ ಕೆಳಗೆ ಬಿಟ್ಟು, ಮನೆಯ ಪಡಸಾಲೆಯಲ್ಲಿ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತೊಡೆಯ ಮೇಲೆ ಒಣದ್ರಾಕ್ಷಿಯ ಚೀಲ. ಅವಳ ಜಾಗ ಯಾವಾಗಲೂ ಅದೇ, ಹಿಂದಿನ ಸೀಟಿನ ಎಡಗಡೆ. ಅಲ್ಲಿಂದಲೇ ಅವಳು ಪಂಢರಪುರ ನೋಡಿದ್ದು, ಕೂಡಲಸಂಗಮ ನೋಡಿದ್ದು, ಈ ಸಲದ ಸೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ಹೋಗಿ ಬಂದಿದ್ದು.

ಚಹಾ ಕುಡಿಯುತ್ತ ತಮ್ಮ ಹೇಳಿದ: “ಅಕ್ಕಾ, ನಾಕ ದಿನದಾಗ ಗಾಡಿ ಇನ್ಶುರನ್ಸ್ ಮುಗೀತೈತಿ. ಈ ಸಲ ಥರ್ಡ್ ಪಾರ್ಟಿ ಅಷ್ಟ ತುಂಬಿಸಿಬಿಡ್ತೀನಿ. ಹನ್ನೊಂದ ವರ್ಷದ ಗಾಡಿಗಿ ಫುಲ್ ಯಾಕ ಬೇಕು? ಒಂದ ಸ್ಪ್ರೇದ ರೊಕ್ಕ ಉಳೀತೈತಿ.”

ದ್ರಾಕ್ಷಿ ಬೆಳೆಯುವವರು ದುಡ್ಡನ್ನು ಸ್ಪ್ರೇ ಲೆಕ್ಕದಲ್ಲಿ ಅಳೆಯುತ್ತಾರೆ. ಬಳ್ಳಿ ಕತ್ತರಿಸುವ ಚಾಟನಿ ಮಾಡಿ ಆಗಿತ್ತು, ಚಿಗುರು ಒಡೆಯುತ್ತಿತ್ತು, ಔಷಧದ ಖರ್ಚು ಈಗಷ್ಟೇ ಶುರುವಾಗಿತ್ತು. ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಕಡೆ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ಹೇಳುವುದು ಅದನ್ನೇ: ಹೊಸ ಗಾಡಿಗೆ ಫುಲ್, ಹಳೆಯದಕ್ಕೆ ಥರ್ಡ್ ಪಾರ್ಟಿ. ಹಳೆಯ ತಗಡಿಗೆ ಸಾವಿರಾರು ರೂಪಾಯಿ ಯಾಕೆ ಸುರಿಯಬೇಕು? ನಾನೂ ಹೂಂ ಅನ್ನುವವಳಿದ್ದೆ. ಆದರೆ ಎರಡು ವರ್ಷದ ಹಿಂದಿನ ಒಂದು ಸಂಜೆ ನೆನಪಾಗಿ, “ತಡಿ, ಕಾಗದ ತೋರಿಸು” ಅಂದೆ.

ಆವತ್ತು ಸಿದ್ಧೇಶ್ವರ ಜಾತ್ರೆಯ ಗದ್ದಲ. ನಾನು ಶಾಲೆ ಮುಗಿಸಿ ಗಾಂಧಿ ಚೌಕದ ಕಡೆಯಿಂದ ನನ್ನ ಕಾರಿನಲ್ಲಿ ನಿಧಾನಕ್ಕೆ ಬರುತ್ತಿದ್ದೆ. ಗೋಲಗುಂಬಜದ ಗೇಟಿನ ಹತ್ತಿರ ಟಾಂಗಾಗಳು ಸಾಲಾಗಿ ನಿಂತಿದ್ದವು. ಯಾರೋ ಹುಡುಗ ಬೈಕಿನ ಸೈಲೆನ್ಸರ್ ಪಟಪಟ ಸಿಡಿಸಿಕೊಂಡು ಹೋದ. ಒಂದು ಕುದುರೆ ಬೆದರಿ ಮುಂದಕ್ಕೆ ಜಿಗಿಯಿತು. ಟಾಂಗಾದ ಗಾಲಿಯ ಗುಂಬ ನನ್ನ ಎಡಗಡೆಯ ಬಾಗಿಲನ್ನು ಉದ್ದಕ್ಕೂ ಕೆರೆದು, ಮುಂದಿನ ಬಂಪರಿನ ಮೂಲೆ ಕಿತ್ತು, ಹೆಡ್‌ಲೈಟ್ ಒಡೆಯಿತು. ಟಾಂಗಾದವನು ಕೆಳಗಿಳಿದು ಮೊದಲು ಕುದುರೆಯ ಮೊಣಕಾಲು ಮುಟ್ಟಿ ನೋಡಿದ, ಆಮೇಲೆ ನನ್ನ ಕಡೆ ತಿರುಗಿ ಕೈಮುಗಿದ. “ಅಕ್ಕಾರ, ತಪ್ಪಾತ್ರಿ, ಕುದ್ರಿ ಬೆದರ್ತು.” ಅವನ ಕೈ ನಡುಗುತ್ತಿತ್ತು. ದಿನಕ್ಕೆ ಎಷ್ಟು ಜನ ಟಾಂಗಾ ಹತ್ತುತ್ತಾರೆ ಅನ್ನುವುದನ್ನು ಈ ರಸ್ತೆಯಲ್ಲಿ ದಿನಾ ನೋಡುವ ನನಗೆ ಅವನಲ್ಲಿ ಏನು ಕೇಳಲೂ ಬಾಯಿ ಬರಲಿಲ್ಲ. ಟಾಂಗಾ ಮೋಟಾರು ವಾಹನವಲ್ಲ, ಅದಕ್ಕೆ ವಿಮೆಯೂ ಇಲ್ಲ.

ನನ್ನದು ಫುಲ್ ಇತ್ತು. ಹಾಗಾಗಿ ಕ್ಲೇಮ್ ಮಾಡಿದೆ. ಗ್ಯಾರೇಜಿಗೆ ಬಂದ ಸರ್ವೇಯರ್ ವಯಸ್ಸಾದವರು, ತಾಳ್ಮೆಯವರು. ಬಿಲ್ಲಿನ ಒಂದೊಂದು ಸಾಲಿನ ಮೇಲೂ ಪೆನ್ಸಿಲ್ ಇಟ್ಟು ತೋರಿಸಿದರು. ತೆರಿಗೆ ಬಿಟ್ಟು ಒಟ್ಟು ಬಿಲ್ಲು 26,000. ಬಂಪರ್ 6,000, ಹೆಡ್‌ಲೈಟ್ 4,000. ಎರಡೂ ಪ್ಲಾಸ್ಟಿಕ್, ಪ್ಲಾಸ್ಟಿಕ್ಕಿಗೆ ಕಾರಿನ ವಯಸ್ಸು ಎಷ್ಟೇ ಇರಲಿ ಅರ್ಧ ಕಡಿತ. ಬಾಗಿಲು 8,000, ಅದು ಲೋಹ, ಲೋಹಕ್ಕೆ ವಯಸ್ಸಿನ ಲೆಕ್ಕ. ಆರು ತಿಂಗಳೊಳಗೆ ಕಡಿತವೇ ಇಲ್ಲ. ನನ್ನ ಕಾರು ನಾಲ್ಕು ದಾಟಿ ಐದರಲ್ಲಿ ಇದ್ದದ್ದರಿಂದ ಶೇಕಡಾ 35 ಹೋಯಿತು. ಬಣ್ಣ ಬಳಿದ 6,000ದಲ್ಲಿ ಕಾಲುಭಾಗ ಬಣ್ಣದ ಬೆಲೆ ಅಂತ ಹಿಡಿದು ಅದರಲ್ಲಿ ಅರ್ಧ, ಅಂದರೆ 750, ಕಳೆದರು. ತಗಡು ಬಡಿದ ಕೂಲಿ 2,000 ಪೂರ್ತಿ ಬಂತು. ಕೊನೆಗೆ, 1500 ಸಿಸಿ ಒಳಗಿನ ಕಾರಿನವರು ಪ್ರತಿ ಕ್ಲೇಮಿನಲ್ಲೂ ತಾವೇ ಹೊರಬೇಕಾದ 1,000. ಎಲ್ಲ ಕಳೆದು 16,450 ಕೈಗೆ ಬಂತು.

“ಝೀರೋ ಡೆಪ್ ಇದ್ದಿದ್ರ ಈ ಕಡಿತ ಇರ್ತಿರಲಿಲ್ರಿ, ಮೇಡಂ” ಅಂದರು ಅವರು. ಆಮೇಲೆ ನಾನು ಕೇಳದಿದ್ದರೂ ಇನ್ನೊಂದು ಮಾತು ಹೇಳಿದರು. ಅದಕ್ಕೆ ಇವತ್ತಿಗೂ ನಾನು ಅವರಿಗೆ ಋಣಿ. “ಮುಂದಿನ ವರ್ಷ ನಿಮ್ಮ ಬೋನಸ್ ಹೋಗತೈತಿ. ಅದನ್ನೂ ಲೆಕ್ಕಕ್ಕ ಹಿಡೀರಿ.” ಕ್ಲೇಮ್ ಇಲ್ಲದ ಒಂದೊಂದು ವರ್ಷಕ್ಕೂ ನಮ್ಮದೇ ಗಾಡಿಯ ಹಾನಿಗೆ ಕಟ್ಟುವ, ಅಂದರೆ ಸ್ವಂತ ಹಾನಿಯ ಕಂತಿನಲ್ಲಿ ಶೇಕಡಾ 20, 25, 35, 45, 50 ಹೀಗೆ ರಿಯಾಯಿತಿ ಏರುತ್ತದೆ, ಒಂದು ಕ್ಲೇಮ್ ಆದರೆ ಸೊನ್ನೆಗೆ ಬಂದು ಬೀಳುತ್ತದೆ. ನಾನು 35ರಲ್ಲಿದ್ದೆ, 45ಕ್ಕೆ ಏರಬೇಕಿತ್ತು. ಮೂಲ ಕಂತು 9,000 ಅಂತ ಇಟ್ಟುಕೊಂಡರೆ ಮೊದಲ ವರ್ಷ 4,050 ಹೋಯಿತು. ಮತ್ತೆ ಮೆಟ್ಟಿಲು ಹತ್ತಿ ಮೇಲೆ ಬರುವ ತನಕ ಮುಂದಿನ ನಾಲ್ಕು ವರ್ಷದ್ದೂ ಸೇರಿ ಒಟ್ಟು 10,800. ಐದು ಸಾವಿರದ ಗೀರಿಗೆ ಯಾಕೆ ಕ್ಲೇಮ್ ಮಾಡಬಾರದು ಅನ್ನುವುದು ನನಗೆ ಆವತ್ತು ತಿಳಿಯಿತು. ಕುದುರೆಯ ಮೊಣಕಾಲಿಗೆ ಬರೀ ತರಚುಗಾಯ ಆಗಿತ್ತು. ಮರುವಾರ ಅದು ಮತ್ತೆ ಗೇಟಿನ ಹತ್ತಿರ ನಿಂತು ಹುಲ್ಲು ತಿನ್ನುತ್ತಿತ್ತು.

ಅದಾದ ಮೇಲೆ ನಾನು ಪಾಲಿಸಿಯ ಕಾಗದವನ್ನು ಮೊದಲ ಸಲ ಪೂರ್ತಿ ಓದಿದೆ.

ತಮ್ಮ ಕಾಗದ ತಂದ. ಮಡಚಿ ಮಡಚಿ ಮೂಲೆ ಹರಿದಿತ್ತು. ನನಗೆ ಒಂದು ಸಂಕಟ ಯಾವಾಗಲೂ ಕಾಡುತ್ತದೆ. ಇದೇ ತಮ್ಮ ಹವಾಮಾನ ಆಧಾರಿತ ಬೆಳೆ ವಿಮೆಯ ಸುತ್ತೋಲೆಯನ್ನು ಅಕ್ಷರ ಬಿಡದೆ ಓದುತ್ತಾನೆ. ವಿಮಾ ಮೊತ್ತದ ಶೇಕಡಾ 5ರಷ್ಟು ರೈತನ ಪಾಲು, ಯಾವ ತಾರೀಖಿನಿಂದ ಯಾವ ತಾರೀಖಿನ ತನಕದ ಮಳೆ ಲೆಕ್ಕಕ್ಕೆ ಬರುತ್ತದೆ, ತೋಟದಲ್ಲಿ ಎಷ್ಟೇ ಮಳೆ ಹೊಡೆದರೂ ಮಳೆಮಾಪಕದಲ್ಲಿ ಬೀಳದಿದ್ದರೆ ಏನೂ ಬರುವುದಿಲ್ಲ, ಎಲ್ಲ ಬಾಯಿಪಾಠ. ಬಬಲೇಶ್ವರದ ಕಡೆಯ ಬೀಗರು ಅವನನ್ನು ಕೇಳಿಯೇ ತುಂಬುತ್ತಾರೆ. ಅದೇ ಮನುಷ್ಯ ಕಾರಿನ ಕಾಗದದಲ್ಲಿ ಎರಡೇ ನೋಡುವುದು: ಎಷ್ಟು ರೊಕ್ಕ, ಯಾವ ತಾರೀಖು. ಬೆಳೆ ಹೋದರೆ ಒಂದು ವರ್ಷ ಹೋಗುತ್ತದೆ. ಕಾರಿನಲ್ಲಿ ಕೂತವರು ಹೋದರೆ?

“ಪೊಲೀಸ್ರು ಹಿಡದ್ರ ತೋರ್ಸಾಕ ಬೇಕಲಾ, ಅದಕ್ಕ ಥರ್ಡ್ ಪಾರ್ಟಿ” ಅಂತ ಅವನ ತಿಳುವಳಿಕೆ. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ, ಅದು ನಿಜ. ಆದರೆ ಈ ವಿಮೆ ಹುಟ್ಟಿದ್ದು ರಸ್ತೆಯಲ್ಲಿ ಪೆಟ್ಟು ತಿಂದವನಿಗಾಗಿ. 1939ರ ಮೋಟಾರು ವಾಹನ ಕಾಯ್ದೆಯ ಎಂಟನೆಯ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂದಾಗಿನಿಂದ ನಮ್ಮ ದೇಶದಲ್ಲಿ ಮೂರನೆಯವರ ವಿಮೆ ಕಡ್ಡಾಯ. ಕಾರಿನ ಯಜಮಾನನ ಹತ್ತಿರ ದುಡ್ಡು ಇರಲಿ ಬಿಡಲಿ, ಸತ್ತವನ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದು ಅನ್ನುವುದು ಅದರ ಹಿಂದಿನ ಕರುಣೆ.

ಆ ಕರುಣೆಗೆ ಬೆಲೆ ಕಟ್ಟಿದರೆ ಎಷ್ಟಾಗುತ್ತದೆ ಅಂತ ತಮ್ಮನಿಗೆ ಲೆಕ್ಕ ಹಾಕಿ ತೋರಿಸಿದೆ. ಗೋಲಗುಂಬಜದ ಎದುರು ತಳ್ಳುಗಾಡಿಯಲ್ಲಿ ಪೇರಲ ಮಾರುವ ಒಬ್ಬ ಹುಡುಗ ಇದ್ದಾನೆ ಅಂದುಕೋ. ವಯಸ್ಸು ಮೂವತ್ತು, ತಿಂಗಳ ಗಳಿಕೆ 15,000, ಅವನ ಮೇಲೆ ನಾಲ್ಕು ಜನ ಅವಲಂಬಿಸಿದ್ದಾರೆ. ನಿನ್ನ ಗಾಡಿ ಬಡಿದು ಅವನು ಹೋದ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲೂ 2017ರ ಪ್ರಣಯ್ ಸೇಥಿ ಪ್ರಕರಣದಲ್ಲೂ ಹಾಕಿಕೊಟ್ಟ ಲೆಕ್ಕ ಹೀಗೆ: ಮುಂದೆ ಗಳಿಕೆ ಏರುತ್ತಿತ್ತು ಅಂತ ಶೇಕಡಾ 40 ಸೇರಿಸಬೇಕು, 21,000 ಆಯಿತು. ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 15,750. ಅದನ್ನು ಹನ್ನೆರಡು ತಿಂಗಳಿಂದ, ಆ ವಯಸ್ಸಿಗೆ ಗೊತ್ತುಮಾಡಿದ 17ರಿಂದ ಗುಣಿಸಬೇಕು. 32,13,000. ಅಂತ್ಯಕ್ರಿಯೆ ಮುಂತಾದವು ಬೇರೆ.

ತಮ್ಮ ಲೋಟ ಕೆಳಗಿಟ್ಟ. ಅವನ ತೋಟದ ಅರ್ಧ ಮಾರಬೇಕಾಗುತ್ತಿತ್ತು. 2022ರ ಜೂನ್ 1ರಿಂದ ಗೊತ್ತುಮಾಡಿದ ದರದಲ್ಲಿ ಅವನಂಥ, 1000ದಿಂದ 1500 ಸಿಸಿಯ ಕಾರಿಗೆ ವರ್ಷದ ಥರ್ಡ್ ಪಾರ್ಟಿ ಕಂತು 3,416. ಅಷ್ಟಕ್ಕೆ, ಸಾವು ನೋವಿನ ಪರಿಹಾರಕ್ಕೆ ಮೇಲ್ಮಿತಿಯೇ ಇಲ್ಲ. ಮೂರನೆಯವರ ಆಸ್ತಿಗಾದರೆ 7,50,000ದ ತನಕ. ಟಾಂಗಾದ ಪ್ರಕರಣದಲ್ಲಿ ತಪ್ಪು ನನ್ನದಾಗಿದ್ದು ಕುದುರೆಯ ಕಾಲು ಮುರಿದಿದ್ದರೆ, ಕಾನೂನಿನ ಲೆಕ್ಕದಲ್ಲಿ ಆ ಕುದುರೆ ಮೂರನೆಯವರ ಆಸ್ತಿ.

“ಹಂಗಾದ್ರ ಥರ್ಡ್ ಪಾರ್ಟಿ ಭಾಳ ಚಲೋ ಆತಲಾ, ಅದ ಸಾಕು” ಅಂದ ಅವನು.

ಅವನನ್ನು ನಿಲ್ಲಿಸಬೇಕಾದದ್ದು ಇಲ್ಲೇ. ಮೂರನೆಯವರು ಅಂದರೆ ಹೊರಗಿನವರು. ಹಾಗಾದರೆ ಹಿಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಅವ್ವ ಎಷ್ಟನೆಯವಳು? ಖಾಸಗಿ ಕಾರಿಗೆ ಬರೀ ಕಾಯ್ದೆಗೆ ಬೇಕಾದಷ್ಟೇ ವಿಮೆ ಇದ್ದರೆ, ಅದರಲ್ಲಿ ಸುಮ್ಮನೆ ಕೂತು ಬಂದವರ ಹೊಣೆ ಕಂಪನಿಯ ಮೇಲೆ ಬರುವುದಿಲ್ಲ. ಬಾಲಕೃಷ್ಣನ್ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಈ ಗೆರೆಯನ್ನು ಬಿಡಿಸಿ ಹೇಳಿದೆ: ನಾವು ಫುಲ್ ಅನ್ನುವ ಪ್ಯಾಕೇಜ್ ಪಾಲಿಸಿ ಇದ್ದರೆ ಕಾರಿನೊಳಗೆ ಕೂತವರೂ ಅದರಲ್ಲಿ ಸೇರುತ್ತಾರೆ, ಬರೀ ಆಕ್ಟ್ ಪಾಲಿಸಿ ಇದ್ದರೆ ಇಲ್ಲ. ಎದುರಿನ ಲಾರಿಯವನದು ತಪ್ಪಾದರೆ ಅವನ ವಿಮೆ ಅವ್ವನಿಗೆ ಕೊಡುತ್ತದೆ, ಅವನಿಗೆ ಅವಳು ಮೂರನೆಯವಳು. ಆದರೆ ತಮ್ಮನಿಗೇ ಜೋಂಪು ಹತ್ತಿ ಗಿಡಕ್ಕೆ ಹೊಡೆದರೆ? ದೀಪವಿಲ್ಲದೆ ನಿಂತ, ವಿಮೆಯೂ ಇಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನಿಂದ ಹೋಗಿ ಬಡಿದರೆ?

ಹಳೆಯ ಕಾರನ್ನು ಫುಲ್‌ನಿಂದ ಥರ್ಡ್ ಪಾರ್ಟಿಗೆ ಇಳಿಸುವಾಗ ನಾವೆಲ್ಲ ಯೋಚಿಸುವುದು ಬಾಗಿಲು, ಬಂಪರು, ಬಣ್ಣ. ತಗಡು ಹೋದರೆ ಹೋಗಲಿ ಅಂತ ಗಟ್ಟಿ ಮನಸ್ಸು ಮಾಡುತ್ತೇವೆ. ತಗಡಿನ ಜೊತೆಗೆ ಹಿಂದಿನ ಸೀಟಿನವರನ್ನೂ ಕಾಗದದಿಂದ ಕೆಳಗಿಳಿಸುತ್ತಿದ್ದೇವೆ ಅನ್ನುವುದು ಯಾರ ಬಾಯಲ್ಲೂ ಬರುವುದಿಲ್ಲ. ಕಾರು ಹಳತಾದಷ್ಟೂ ಅದರಲ್ಲಿ ಕೂರುವ ತಂದೆ ತಾಯಿಗಳಿಗೂ ವಯಸ್ಸಾಗಿರುತ್ತದೆ.

ಉಳಿತಾಯ ಎಷ್ಟಿತ್ತು? ಅವನ ಕಾರಿನ ಸ್ವಂತ ಹಾನಿಯ ಮೂಲ ಕಂತು 5,000. ಜಮಖಂಡಿಯಲ್ಲಿ ಹಳೆಯದನ್ನೇ ಕೊಂಡ ಮೇಲೆ ನಾಲ್ಕು ವರ್ಷ ಒಂದೂ ಕ್ಲೇಮ್ ಮಾಡಿರಲಿಲ್ಲ, ಬೋನಸ್ ಶೇಕಡಾ 45 ಆಗಿತ್ತು. ಉಳಿದದ್ದು 2,750, ಶೇಕಡಾ 18 ಜಿಎಸ್‌ಟಿ ಸೇರಿ 3,245. ಇದನ್ನು ಬಿಟ್ಟರೆ ತೊಂಬತ್ತು ದಿನದಲ್ಲಿ ಆ 45ರ ಬೋನಸ್ಸೂ ಹೋಗುತ್ತದೆ. ಒಂದು ಒಳ್ಳೆಯ ಕೆಲಸ ಅವನು ಕೊಂಡಾಗಲೇ ಮಾಡಿದ್ದ: ಹದಿನಾಲ್ಕು ದಿನದೊಳಗೆ ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿದ್ದ. ಹಳೆಯ ಮಾಲಕನ ಬೋನಸ್ಸನ್ನು ತನ್ನದೆಂದು ಬರೆಸಿಕೊಂಡಿರಲಿಲ್ಲ. ಬೋನಸ್ ಇರುವುದು ಮನುಷ್ಯನಿಗೆ, ಗಾಡಿಗಲ್ಲ. ಸುಳ್ಳು ಬೋನಸ್ ಬರೆಸಿಕೊಂಡವರ ಕ್ಲೇಮ್ ಬೇಕಾದ ಹೊತ್ತಿಗೆ ನಿಂತುಹೋಗುತ್ತದೆ.

ಇನ್ನು ಅವನ ಬಗ್ಗೆ. ಓಡಿಸುವವನು ತಾನೇ ತನಗೆ ಮೂರನೆಯವನಾಗಲಾರ. 2014ರ ಜೂನ್‌ನಲ್ಲಿ ಅರಸೀಕೆರೆಯ ಹಾದಿಯಲ್ಲಿ ಒಂದು ಕಾರು ವೇಗದಲ್ಲಿ ಉರುಳಿ ಬಿದ್ದು ಓಡಿಸುತ್ತಿದ್ದವರು ತೀರಿಕೊಂಡರು. ಮನೆಯವರು 80 ಲಕ್ಷ ಪರಿಹಾರ ಕೇಳಿದ್ದರು. ನ್ಯಾಯಮಂಡಳಿ ಒಪ್ಪಲಿಲ್ಲ, ಕರ್ನಾಟಕ ಹೈಕೋರ್ಟು ಒಪ್ಪಲಿಲ್ಲ, 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ತನ್ನದೇ ಅಜಾಗರೂಕತೆಯಿಂದ ಸತ್ತವನ ವಾರಸುದಾರರಿಗೆ ಆ ದಾರಿಯಲ್ಲಿ ಏನೂ ಬರುವುದಿಲ್ಲ. ಹನ್ನೊಂದು ವರ್ಷ ಕಾದ ಆ ಮನೆಯವರನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ಇರುವುದು ಮಾಲಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷದ್ದು. ಕೆಲವು ನೂರು ರೂಪಾಯಿಯ ಬಾಬತ್ತು. ಆದರೆ ಅದು ಆರ್‌ಸಿಯಲ್ಲಿ ಹೆಸರಿದ್ದವನಿಗೆ, ಅವನ ಕೈಯಲ್ಲಿ ಚಾಲ್ತಿಯ ಲೈಸೆನ್ಸ್ ಇದ್ದರೆ ಮಾತ್ರ. ಅಪ್ಪನ ಹೆಸರಿನ ಗಾಡಿಯನ್ನು ಮಗ, ಹೆಂಡತಿಯ ಹೆಸರಿನದನ್ನು ಗಂಡ ಓಡಿಸುವ ಮನೆಗಳೇ ನಮ್ಮಲ್ಲಿ ಹೆಚ್ಚು. ಅಂಥ ಮನೆಯವರು ಬೇರೆ ಅಪಘಾತ ವಿಮೆ ಮಾಡಿಸಿಕೊಳ್ಳುವುದೇ ಮೇಲು.

ಕತ್ತಲಾಗುವುದರೊಳಗೆ ಮೂವರೂ ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಗೆ ಹೋದೆವು. ಅಲ್ಲಿಯ ಹುಡುಗ ವಿಮೆಯನ್ನೂ ತುಂಬಿಸಿಕೊಡುತ್ತಾನೆ. ತಮ್ಮ ಕಂತು ಸ್ವಲ್ಪ ಇಳಿಸು ಅಂದ ಕೂಡಲೇ ಹುಡುಗ ಕಾರಿನ ವಿಮಾ ಬೆಲೆಯನ್ನೇ ನಲವತ್ತು ಸಾವಿರ ಇಳಿಸಿದ. ಕಂತಿನಲ್ಲಿ ಕಡಿಮೆಯಾದದ್ದು ಐದಾರು ನೂರು. ಕಾರು ಕಳುವಾದರೆ, ಇಲ್ಲವೇ ರಿಪೇರಿಯ ಖರ್ಚು ಆ ಬೆಲೆಯ ಶೇಕಡಾ 75 ದಾಟಿ ಗಾಡಿ ಪೂರ್ತಿ ಹೋಯಿತು ಅಂತಾದರೆ, ಕೈಗೆ ಬರುವುದರಲ್ಲಿ ನಲವತ್ತು ಸಾವಿರವೇ ಕಡಿಮೆ. ಮೊದಲಿನಂತೆಯೇ ಇಡಲು ಹೇಳಿದೆ. ಝೀರೋ ಡೆಪ್ ಇಷ್ಟು ಹಳೆಯ ಗಾಡಿಗೆ ಕೊಡುವುದಿಲ್ಲ ಅಂದ. ಅದು ಬೇಕಾಗಿಯೂ ಇರಲಿಲ್ಲ. ಬಂಪರಿನ ಅರ್ಧ ದುಡ್ಡು ಕೈಯಿಂದ ಹೋದರೆ ಯಾರ ಮನೆಯೂ ಮುಳುಗುವುದಿಲ್ಲ.

ಎಂಜಿನ್ ಕವರ್ ಬಗ್ಗೆ ಮಾತ್ರ ನಾನು ಹಟ ಹಿಡಿದೆ. ನನ್ನ ಕಾರು ಸ್ಟೇಷನ್ ರಸ್ತೆ ಬಿಟ್ಟು ದೂರ ಹೋಗುವುದು ಅಪರೂಪ, ನನಗೆ ಅದು ಬೇಡ. ಅವನು ರಾತ್ರಿ ಹೊತ್ತು ಹಳ್ಳಿ ಹಾದಿ ಹಿಡಿಯುವವನು, ಡೋಣಿ ದಾಟುವವನು. ಡೋಣಿ ವರ್ಷವೆಲ್ಲ ಒಣಗಿ ಬಿದ್ದಿದ್ದು ಒಂದು ರಾತ್ರಿ ಮೈದುಂಬಿ ಸಾರವಾಡದ ಸುತ್ತಿನ ಹೊಲಗಳನ್ನು ನುಂಗುವ ನದಿ. ನೀರಿನಲ್ಲಿ ನಿಂತ ಕಾರನ್ನು ಗಾಬರಿಯಿಂದ ಸ್ಟಾರ್ಟ್ ಮಾಡಿದರೆ ಎಂಜಿನ್ನಿನೊಳಗೆ ನೀರು ಹೊಕ್ಕು ರಾಡ್ ಬಾಗುತ್ತದೆ. ಅದು ನೆರೆಯಿಂದ ಆದ ಹಾನಿಯಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಅಂತ ಸಾದಾ ಪಾಲಿಸಿಯಲ್ಲಿ ಕ್ಲೇಮ್ ಸಿಗುವುದಿಲ್ಲ. ಆದರೆ ಅವನ ಗಾಡಿಯ ವಯಸ್ಸಿಗೆ ಆ ಕವರೂ ಇಲ್ಲ ಅಂದ ಹುಡುಗ. ಹಾಗಾದರೆ ನೀರಿದ್ದಲ್ಲಿ ಇಳಿಯಬೇಡ, ಇಳಿದು ನಿಂತರೆ ಕೀಲಿ ತಿರುಗಿಸಬೇಡ, ದೂಡಿಸಿಕೊಂಡು ಬಾ ಅಂತ ಅವನ ಕೈ ಹಿಡಿದು ಹೇಳಿದೆ.

ಇನ್ನೊಂದು ಮಾತನ್ನು ಹುಡುಗನ ಎದುರಿಗೇ ಹೇಳಬೇಕಾಯಿತು. ತುಳಜಾಪುರದ ಪ್ರವಾಸಕ್ಕೆ ಮುಂಚೆ ಊರಿನ ಒಂದು ಮನೆಯವರು ಇದೇ ಕಾರನ್ನು ಬಾಡಿಗೆಗೆ ಕೇಳಿದ್ದರು. ಬಿಳಿ ಬೋರ್ಡಿನ ಗಾಡಿಗೆ ಬಾಡಿಗೆಯ ದುಡ್ಡು ಮುಟ್ಟಿದರೆ ಪಾಲಿಸಿಯ ಷರತ್ತು ಮುರಿದ ಹಾಗೆ. ಆಮೇಲೆ ಫುಲ್ ಇದ್ದರೂ ಒಳಗೆ ಕೂತವರಿಗೆ ಅದು ನಿಲ್ಲುವುದಿಲ್ಲ. ಸೀಗಿ ಹುಣ್ಣಿಮೆಯ ಆ ರಾತ್ರಿಗಳಲ್ಲಿ ಸೊಲ್ಲಾಪುರದ ಹೆದ್ದಾರಿಯ ಅಂಚಿನಲ್ಲಿ ಅಂಬಾಭವಾನಿಯ ಭಕ್ತರು ಸಾಲುಗಟ್ಟಿ ನಡೆಯುತ್ತಿರುತ್ತಾರೆ. ಹೆಂಗಸರು, ಮುದುಕರು, ಹೆಗಲ ಮೇಲೆ ಮಕ್ಕಳು. ಅವರ ಪಕ್ಕದಲ್ಲಿ ಕಾರು ಓಡಿಸುವವನ ಕಾಗದ ಗಟ್ಟಿ ಇರಬೇಕು. “ಕೊಟ್ಟಿಲ್ಲ ಬಿಡಕ್ಕಾ” ಅಂದ ತಮ್ಮ. “ಕೇಳಿದ್ರ ಇನ್ನ ಕೊಡೂದಿಲ್ಲ.”

ಕೊನೆಗೆ ಹುಡುಗ ಇನ್ನೊಂದು ಚೌಕಕ್ಕೆ ಟಿಕ್ ಹಾಕಲೇ ಅಂತ ಕೇಳಿದ. ಪ್ರಯಾಣಿಕರ ಅಪಘಾತ ವಿಮೆ, ಒಬ್ಬರಿಗೆ ಎರಡು ಲಕ್ಷ, ವರ್ಷಕ್ಕೆ ನೂರು ರೂಪಾಯಿ. ಇದರಲ್ಲಿ ತಪ್ಪು ಯಾರದೆಂದು ಸಾಧಿಸಬೇಕಿಲ್ಲ, ಅವ್ವ ಮಗನ ಮೇಲೆ ದಾವೆ ಹಾಕಿ ನ್ಯಾಯಮಂಡಳಿಯ ಕಟ್ಟೆ ಹತ್ತಬೇಕಿಲ್ಲ. ತಮ್ಮ ನನ್ನ ಮುಖ ನೋಡಲಿಲ್ಲ. “ಹಾಕು” ಅಂದ.

ಕಾಗದ ಬಿಸಿಬಿಸಿಯಾಗಿ ಮಷೀನಿನಿಂದ ಹೊರಗೆ ಬಂತು. ಅವ್ವ ಅಷ್ಟೊತ್ತೂ ಅಂಗಡಿಯ ಸ್ಟೂಲಿನ ಮೇಲೆ ಸುಮ್ಮನೆ ಕೂತು ಕೇಳುತ್ತಿದ್ದವಳು ಕೈಚಾಚಿ ಅದನ್ನು ಇಸಿದುಕೊಂಡಳು. ಓದಲು ಬಾರದು, ಆದರೂ ಬೆರಳಿನಿಂದ ಸಾಲು ಸಾಲು ಸವರಿ ನೋಡಿದಳು.

“ನನ್ನ ಹೆಸರೂ ಬರದಾರೇನು ಇದ್ರಾಗ?”

“ಹೆಸರ ಬರಿಯೂದಿಲ್ಲವ್ವಾ. ಹೆಸರಿಲ್ಲದ ಪ್ರಯಾಣಿಕರು ನಾಕ ಮಂದಿ ಅಂತ ಬರದಾರ.”

ಅವ್ವ ಬೆರಳು ಮಡಚಿದಳು. ಸೊಸೆ ಒಂದು, ಮೊಮ್ಮಕ್ಕಳು ಎರಡು, ತಾನು ಒಂದು. ನಾಲ್ಕು ಬೆರಳು ಮುಗಿದವು. ಐದನೆಯ ಬೆರಳನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿದಳು.

“ಹಂಗಾದ್ರ ನೀ ಬಂದ್ರ?”